ಹೃದಯದ ಗಾಯಕ್ಕೆ ಎಕ್ಸೋಸೋಮ್: ಎಣಿಸುತ್ತಿರುವುದು ಕಣ, ಅಳೆಯಬೇಕಾದ್ದು ಬಲ

ಹಾರ್ಟ್ ಅಟ್ಯಾಕ್ ಆದವರ ಮನೆಗೆ ಫೋನ್ ಮಾಡಿದವರು ಬೆಂಗಳೂರಿನಲ್ಲಿ ಮೊದಲು ಕೇಳುವುದು ‘ಸ್ಟೆಂಟ್ ಹಾಕಿದ್ರಾ?’ ಎಂದು. ಆಮೇಲೆ ಕೇಳುವುದು ‘ಪಂಪಿಂಗ್ ಎಷ್ಟಿದೆಯಂತೆ?’ ಎಂದು. ಡಿಸ್ಚಾರ್ಜ್ ಸಮ್ಮರಿಗೆ ಲಗತ್ತಿಸಿದ ಎಕೋ ವರದಿಯ ಕೊನೆಯಲ್ಲಿ ‘ಎಲ್‌ವಿಇಎಫ್ 30%’ ಎಂಬ ಸಾಲು ಇರುತ್ತದೆ. ಅದನ್ನು ನೋಡಿ ಹೃದಯದ ಮುಕ್ಕಾಲು ಪಾಲು ಹೋಯಿತೆಂದು ಮನೆಯವರು ಕಂಗಾಲಾಗುತ್ತಾರೆ. ಲೆಕ್ಕ ಹಾಗಲ್ಲ. ಎಡ ಹೃತ್ಕುಕ್ಷಿಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬುದಷ್ಟೇ ಆ ಅಂಕಿ. ಗಟ್ಟಿಮುಟ್ಟಾದವರಲ್ಲೂ ಅದು 55ರಿಂದ 70ರ ನಡುವೆ ಇರುತ್ತದೆ, ನೂರು ಯಾರಲ್ಲೂ ಇರುವುದಿಲ್ಲ. ಆದರೂ 30 ಎಂದರೆ ಹೃದಯ ನಿಜವಾಗಿಯೂ ಸೋತಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲು ಊತ, ರಾತ್ರಿ ಎರಡು ದಿಂಬು.

ಇಲ್ಲಿಂದ ಹುಡುಕಾಟ ಶುರುವಾಗುತ್ತದೆ. ‘ಎಕ್ಸೋಸೋಮ್ ಥೆರಪಿ’ ಎಂಬ ಮಾತು ಈಗ ಊರಿನ ಕೂದಲು, ಚರ್ಮದ ಕ್ಲಿನಿಕ್‌ಗಳ ಜಾಹೀರಾತಿನಲ್ಲೇ ಸಿಗುತ್ತದೆ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹೊರಬಿಡುವ ಅದೇ ಕಿರುಕಣಗಳು ಹೃದಯವನ್ನೂ ರಿಪೇರಿ ಮಾಡುತ್ತವಂತೆ ಎಂಬ ಸುದ್ದಿ ಅದರ ಬೆನ್ನಿಗೇ ಬರುತ್ತದೆ. ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಪ್ರಯೋಗಾಲಯದಲ್ಲಿ, ಇಲಿಯಲ್ಲಿ, ಹಂದಿಯಲ್ಲಿ ಒಳ್ಳೆಯ ಫಲ ಕಂಡಿದೆ. ಕೆಲಸ ನಿಂತಿರುವುದು ಬೇರೆ ಕಡೆ: ಪ್ರತಿ ಬಾರಿಯೂ ಒಂದೇ ಬಲದ ಮದ್ದನ್ನು ತಯಾರಿಸುವುದು, ಆ ಬಲವನ್ನು ಅಳೆಯುವುದು, ಅಳೆದದ್ದನ್ನು ಹೃದಯಕ್ಕೆ ತಲುಪಿಸುವುದು. ಈ ಮೂರೂ ಇನ್ನೂ ಕೈಗೆ ಹತ್ತಿಲ್ಲ.

ಮೊದಲು ಗಾಯದ ವಿಷಯ. ಎಡ ಹೃತ್ಕುಕ್ಷಿಯಲ್ಲಿ ಇನ್ನೂರರಿಂದ ನಾನೂರು ಕೋಟಿ ಸ್ನಾಯುಕೋಶಗಳಿವೆ. ದೊಡ್ಡ ಅಟ್ಯಾಕ್ ಒಂದರಲ್ಲಿ ನೂರು ಕೋಟಿಯವರೆಗೆ ಸಾಯಬಹುದು. ಹೃದಯ ಇವುಗಳನ್ನು ಮತ್ತೆ ಹುಟ್ಟಿಸಿಕೊಳ್ಳುವ ವೇಗ ತೀರಾ ಕಡಿಮೆ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14ರ ಜಾಡು ಹಿಡಿದು 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿದಾಗ, 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಕೋಶ ಹೊಸದಾಗುತ್ತದೆ, 75ಕ್ಕೆ ಅದರ ಅರ್ಧಕ್ಕಿಂತಲೂ ಕಡಿಮೆ ಎಂದು ಗೊತ್ತಾಯಿತು. ಸತ್ತ ಜಾಗವನ್ನು ನಾರಿನಂಥ ಕಲೆ ತುಂಬುತ್ತದೆ. ಅದು ಗೋಡೆ ಒಡೆಯದಂತೆ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಬಡಿಯುವುದಿಲ್ಲ.

ಸ್ಟೆಮ್ ಸೆಲ್ ಚುಚ್ಚಿ ಹೊಸ ಸ್ನಾಯು ಬೆಳೆಸುವ ಆಸೆ ಇಲ್ಲಿ ಹುಟ್ಟಿತು. 2001ರಲ್ಲಿ ಅಮೆರಿಕದ ಸಂಶೋಧಕ ಪಿಯೆರೊ ಆನ್ವರ್ಸಾ ಅವರ ತಂಡ, ಮೂಳೆ ಮಜ್ಜೆಯ ಕೋಶಗಳು ಇಲಿಯ ಹೃದಯದಲ್ಲಿ ಸ್ನಾಯುವಾಗಿ ಬೆಳೆದವು ಎಂದು ಪ್ರಕಟಿಸಿತು. ಬೇರೆ ಪ್ರಯೋಗಾಲಯಗಳಿಗೆ ಅದನ್ನು ಮಾಡಿ ತೋರಿಸಲಾಗಲಿಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗ್‌ಹ್ಯಾಮ್ ಆಸ್ಪತ್ರೆ ಆ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ನಿಯತಕಾಲಿಕೆಗಳಿಗೆ ಬರೆದವು. ಅಷ್ಟರೊಳಗೆ ಜಗತ್ತಿನಾದ್ಯಂತ ಸಾವಿರಾರು ರೋಗಿಗಳು ಕೋಶ ಚಿಕಿತ್ಸೆಯ ಪ್ರಯೋಗಗಳಿಗೆ ಮೈಯೊಡ್ಡಿ ಆಗಿತ್ತು.

ಆ ಪ್ರಯೋಗಗಳಲ್ಲಿ ಕೆಲವರಿಗೆ ಅಲ್ಪಸ್ವಲ್ಪ ಗುಣ ಕಂಡದ್ದೂ ಉಂಟು. ವಿಚಿತ್ರವೆಂದರೆ, ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಹೃದಯದಿಂದ ಕಾಣೆಯಾಗುತ್ತಿದ್ದವು. ಕೋಶವೇ ಇಲ್ಲವೆಂದ ಮೇಲೆ ಗುಣ ಮಾಡಿದ್ದು ಯಾರು? ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಮತ್ತು ನೆದರ್ಲೆಂಡ್ಸ್‌ನ ಡೊಮಿನಿಕ್ ಡಿ ಕ್ಲೈನ್ ಅವರ ತಂಡಗಳು ಕೋಶವನ್ನು ಬಿಟ್ಟು, ಕೋಶ ಬೆಳೆದ ದ್ರವವನ್ನು ಮಾತ್ರ ಹಂದಿಗಳಿಗೆ ಕೊಟ್ಟು ನೋಡಿದವು. ಗಾಯದ ಗಾತ್ರ ಇಳಿಯಿತು. ದ್ರವವನ್ನು ಗಾತ್ರದ ಪ್ರಕಾರ ಸೋಸಿದಾಗ, ಅಣುತೂಕದ ಅಳತೆಯಲ್ಲಿ 1000 ಕಿಲೋಡಾಲ್ಟನ್‌ಗಿಂತ ದೊಡ್ಡ ಭಾಗಕ್ಕೆ ಮಾತ್ರ ಗುಣವಿತ್ತು. ಬಿಡಿ ಪ್ರೋಟೀನುಗಳು ಸಾಮಾನ್ಯವಾಗಿ ಅಷ್ಟು ದೊಡ್ಡವಲ್ಲ. 2010ರಲ್ಲಿ ಅದೇ ತಂಡಗಳು ಆ ಭಾಗದಲ್ಲಿರುವುದು ಎಕ್ಸೋಸೋಮ್ ಎಂದು ಇಲಿಗಳಲ್ಲಿ ತೋರಿಸಿದವು.

ಎಕ್ಸೋಸೋಮ್ ಎಂದರೆ 30ರಿಂದ 150 ನ್ಯಾನೋಮೀಟರ್ ಅಗಲದ, ಕೊಬ್ಬಿನ ಎರಡು ಪದರದ ಪೊರೆ ಸುತ್ತಿದ ಕಣ. ಕೋಶದಿಂದ ಹೊರಬೀಳುವ ಇಂಥ ಎಲ್ಲ ಬಗೆಯ ಕಣಗಳಿಗೂ ಒಟ್ಟಾಗಿ ವೆಸಿಕಲ್ ಎನ್ನುತ್ತಾರೆ. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಕಂಡಾಗ ಕೋಶ ಕಸ ಹೊರಹಾಕುವ ದಾರಿ ಇದು ಎಂದುಕೊಂಡಿದ್ದರು. ಒಳಗೆ, ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂದು ನಿಯಂತ್ರಿಸುವ ಕಿರು ಅಣುವಾದ ಮೈಕ್ರೋ ಆರ್‌ಎನ್‌ಎ ಇದೆ, ಅದು ಇನ್ನೊಂದು ಕೋಶಕ್ಕೆ ದಾಟುತ್ತದೆ ಎಂದು 2007ರಲ್ಲಿ ಸ್ವೀಡನ್ನಿನ ಯಾನ್ ಲೋಟ್ವಾಲ್ ತಂಡ ತೋರಿಸಿದ ಮೇಲೆ ಎಲ್ಲರ ಕಣ್ಣು ಇತ್ತ ತಿರುಗಿತು. ಗಾಯಗೊಂಡ ಹೃದಯದಲ್ಲಿ ಇವು ಮಾಡುವ ಕೆಲಸ ಸ್ಥೂಲವಾಗಿ ಹೀಗಿದೆ: ಸಾವಿನ ಅಂಚಿನಲ್ಲಿರುವ ಸ್ನಾಯುಕೋಶಗಳಲ್ಲಿ ಕೆಲವನ್ನು ಉಳಿಸುತ್ತವೆ, ಉರಿಯೂತ ಹೆಚ್ಚಿಸುತ್ತಿರುವ, ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಗಾಯ ಮಾಯಿಸುವ ಕೆಲಸಕ್ಕೆ ತಿರುಗಿಸುತ್ತವೆ, ಅಂಚಿನಲ್ಲಿ ಕಿರು ರಕ್ತನಾಳ ಮೂಡಲು ನೆರವಾಗುತ್ತವೆ, ನಾರು ಕಟ್ಟುವುದನ್ನು ತಗ್ಗಿಸುತ್ತವೆ. ಸತ್ತ ನೂರು ಕೋಟಿ ಕೋಶಗಳನ್ನು ಇವು ಮತ್ತೆ ಹುಟ್ಟಿಸುವುದಿಲ್ಲ. ಹತ್ತು ವರ್ಷದ ಹಳೆಯ ಕಲೆಗೂ ಎರಡು ದಿನದ ಹಸಿ ಗಾಯಕ್ಕೂ ಇವುಗಳಿಂದ ಒಂದೇ ಫಲ ನಿರೀಕ್ಷಿಸಲಾಗದು.

ಇನ್ನೊಂದು ಎಚ್ಚರವನ್ನೂ ಇಲ್ಲೇ ಹೇಳಬೇಕು. ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ತಂಡ ಇಲಿಗಳ ಹೃದಯಕ್ಕೆ ಜೀವಂತ ಸ್ಟೆಮ್ ಸೆಲ್ ಬದಲು ಸತ್ತ ಕೋಶ ಚುಚ್ಚಿತು. ಯೀಸ್ಟ್‌ನಿಂದ ತೆಗೆದ ಜೈಮೊಸಾನ್ ಎಂಬ ವಸ್ತುವನ್ನೂ ಚುಚ್ಚಿ ನೋಡಿತು. ಫಲ ಹೆಚ್ಚುಕಡಿಮೆ ಅದೇ ಬಂತು. ಅಂದರೆ ಹೃದಯಕ್ಕೆ ಏನನ್ನೇ ಚುಚ್ಚಿದರೂ ಪ್ರತಿರಕ್ಷಣಾ ವ್ಯವಸ್ಥೆ ಕೆರಳಿ ಗಾಯದ ಮಾಯುವಿಕೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ವೆಸಿಕಲ್ ಪ್ರಯೋಗದಲ್ಲಿ ಹೋಲಿಕೆಗೆ ಬರೀ ಸಲೈನ್ ಕೊಟ್ಟ ಗುಂಪು ಸಾಲದು. ಸ್ಟೆಮ್ ಸೆಲ್ ಅಲ್ಲದ ಯಾವುದೋ ಸಾಧಾರಣ ಕೋಶದ ವೆಸಿಕಲ್ ಕೊಟ್ಟ ಗುಂಪೂ ಬೇಕು. ಪ್ರಬಂಧ ಓದುವಾಗ ಮೊದಲು ಹುಡುಕಬೇಕಾದ್ದು ಆ ಗುಂಪು ಇದೆಯೇ ಎಂಬುದನ್ನು.

ತಯಾರಿಕೆ ಹತ್ತಿರದಿಂದ ನೋಡಬೇಕಾದ ಸಂಗತಿ, ಏಕೆಂದರೆ ಎಡವಟ್ಟು ಹೆಚ್ಚಾಗಿ ಆಗುವುದು ಅಲ್ಲಿಯೇ. ಮೂಳೆ ಮಜ್ಜೆ, ಹೊಕ್ಕುಳಬಳ್ಳಿ ಅಥವಾ ಕೊಬ್ಬಿನಿಂದ ತೆಗೆದ ಮೆಸೆಂಕೈಮಲ್ ಕೋಶಗಳನ್ನು (ಒಂದು ಬಗೆಯ ಸ್ಟೆಮ್ ಸೆಲ್) ಫ್ಲಾಸ್ಕ್‌ಗಳಲ್ಲಿ 37 ಡಿಗ್ರಿ ಶಾಖ, 5% ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸುತ್ತಾರೆ. ಫ್ಲಾಸ್ಕಿನ ತಳದ 70ರಿಂದ 80% ಜಾಗ ತುಂಬಿದಾಗ ಹಳೆಯ ಮಾಧ್ಯಮ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಚೆಲ್ಲಿ, ಬಫರಿನಲ್ಲಿ (ಆಮ್ಲತೆ ಬದಲಾಗದ ಉಪ್ಪುನೀರು) ಎರಡು ಮೂರು ಸಲ ತೊಳೆದು, ಸೀರಮ್ (ರಕ್ತದ ತಿಳಿ) ಇಲ್ಲದ ಮಾಧ್ಯಮ ಹಾಕಿ 24ರಿಂದ 48 ಗಂಟೆ ಬಿಡುತ್ತಾರೆ. ವೆಸಿಕಲ್ ಇರುವುದು ಆಗ ಸಿಗುವ ದ್ರವದಲ್ಲಿ. ಅದನ್ನು 4 ಡಿಗ್ರಿಯಲ್ಲಿ ಹಂತಹಂತವಾಗಿ ಸೆಂಟ್ರಿಫ್ಯೂಜ್ ಮಾಡುತ್ತಾರೆ. 300 ಜಿ ಬಲದಲ್ಲಿ (ಭೂಮಿಯ ಗುರುತ್ವದ 300 ಪಟ್ಟು) 10 ನಿಮಿಷ ತಿರುಗಿಸಿದರೆ ಕೋಶಗಳು ಕೆಳಗಿಳಿಯುತ್ತವೆ. 2,000 ಜಿಯಲ್ಲಿ ಸತ್ತ ಕೋಶಗಳ ಚೂರು, 10,000 ಜಿಯಲ್ಲಿ 30 ನಿಮಿಷಕ್ಕೆ ದೊಡ್ಡ ವೆಸಿಕಲ್‌ಗಳು. ಪ್ರತಿ ಹಂತದಲ್ಲೂ ತಳದ್ದನ್ನು ಬಿಟ್ಟು ಮೇಲಿನ ದ್ರವ ತೆಗೆದುಕೊಳ್ಳಬೇಕು. ಕೊನೆಗೆ 1,00,000 ಜಿಯಲ್ಲಿ 70 ನಿಮಿಷ. ಈಗ ಬೇಕಾದ್ದು ತಳದಲ್ಲಿರುತ್ತದೆ, ಬರಿಗಣ್ಣಿಗೆ ಕಂಡರೂ ಕಂಡೀತು, ಕಾಣದೆಯೂ ಇರಬಹುದು. ಅದನ್ನು ಬಫರಿನಲ್ಲಿ ಕದಡಿ ಇನ್ನೊಮ್ಮೆ ಅಷ್ಟೇ ವೇಗದಲ್ಲಿ ತಿರುಗಿಸುತ್ತಾರೆ.

ಸಣ್ಣ ಪ್ರಮಾಣಕ್ಕೆ ಈ ವಿಧಾನ ಸಾಕು. ಆದರೆ ಆ ವೇಗಕ್ಕೆ ವೆಸಿಕಲ್‌ಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಕೆಲವು ಒಡೆಯುತ್ತವೆ. ಲೀಟರುಗಟ್ಟಲೆ ದ್ರವಕ್ಕೆ ಇದು ಒಗ್ಗುವುದಿಲ್ಲ. ಮನುಷ್ಯರಿಗೆ ಕೊಡುವಷ್ಟು ತಯಾರಿಸುವವರು ಟ್ಯಾಂಜೆನ್ಷಿಯಲ್ ಫ್ಲೋ ಫಿಲ್ಟರ್‌ನಲ್ಲಿ ದ್ರವದ ಪ್ರಮಾಣವನ್ನು ತಗ್ಗಿಸಿ ಗಟ್ಟಿಮಾಡಿ, ಆಮೇಲೆ ಗಾತ್ರದ ಪ್ರಕಾರ ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ ಕಾಲಮ್‌ನಲ್ಲಿ ಹಾಯಿಸುತ್ತಾರೆ. ಪಾಲಿಎಥಿಲೀನ್ ಗ್ಲೈಕಾಲ್ ಹಾಕಿ ವೆಸಿಕಲ್ ಅನ್ನು ತಳಕ್ಕಿಳಿಸುವ ಅಗ್ಗದ ಕಿಟ್‌ಗಳೂ ಇವೆ. ಅವು ವೆಸಿಕಲ್ ಜೊತೆಗೆ ಸಿಕ್ಕಸಿಕ್ಕ ಪ್ರೋಟೀನನ್ನೆಲ್ಲ ಎಳೆದು ತರುತ್ತವೆ. ಅಂಥದ್ದನ್ನು ರೋಗಿಯ ರಕ್ತನಾಳಕ್ಕೆ ಬಿಡುವ ಮಾತೇ ಬರಬಾರದು.

ಕೆಡುವುದು ಎಲ್ಲೆಲ್ಲಿ? ಕೋಶ ಬೆಳೆಸಲು ಹಾಕುವ ದನದ ಸೀರಮ್‌ನಲ್ಲೇ ದನದ ವೆಸಿಕಲ್ ತುಂಬಿರುತ್ತವೆ. 18 ಗಂಟೆ ಅಲ್ಟ್ರಾಸೆಂಟ್ರಿಫ್ಯೂಜ್ ಮಾಡಿದರೂ ಅವು ಪೂರ್ತಿ ಹೋಗುವುದಿಲ್ಲ. ಅದರ ಬದಲು ಮನುಷ್ಯರ ಪ್ಲೇಟ್‌ಲೆಟ್ ಲೈಸೇಟ್ (ಪ್ಲೇಟ್‌ಲೆಟ್ ಒಡೆದು ತೆಗೆದ ರಸ) ಬಳಸಿದರೆ ಪ್ಲೇಟ್‌ಲೆಟ್‌ಗಳ ವೆಸಿಕಲ್ ಬಂದು ಸೇರುತ್ತವೆ. ಸೀರಮ್ ಇಲ್ಲದ ಮಾಧ್ಯಮದಲ್ಲಿ ಕೋಶಗಳನ್ನು ಹೆಚ್ಚು ಹೊತ್ತು ಬಿಟ್ಟರೆ ಅವು ಹಸಿದು ಸಾಯತೊಡಗಿ, ಸತ್ತ ಕೋಶದ ಚೂರುಗಳೇ ವೆಸಿಕಲ್ ಎಂದು ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ದ್ರವ ತೆಗೆಯುವ ಹೊತ್ತಿನಲ್ಲಿ ಎಷ್ಟು ಕೋಶ ಜೀವಂತವಿದ್ದವು ಎಂಬ ದಾಖಲೆ ಇಲ್ಲದ ಬ್ಯಾಚನ್ನು ನಂಬಬಾರದು. ದಾನಿ ಬದಲಾದರೆ, ಕೋಶವನ್ನು ಒಂದು ಫ್ಲಾಸ್ಕಿನಿಂದ ಇನ್ನೊಂದಕ್ಕೆ ದಾಟಿಸಿದ ಸಂಖ್ಯೆ ಹೆಚ್ಚಾದರೆ, ಆಮ್ಲಜನಕದ ಮಟ್ಟ ಬದಲಾದರೆ ಒಳಗಿನ ಸರಕೂ ಬದಲಾಗುತ್ತದೆ.

ಸಂಗ್ರಹಣೆಯೂ ಸುಲಭವಲ್ಲ. ಬರೀ ಬಫರಿನಲ್ಲಿ ಮೈನಸ್ 80 ಡಿಗ್ರಿಯಲ್ಲಿಟ್ಟರೂ ಕಣಗಳ ಸಂಖ್ಯೆ ಇಳಿಯುತ್ತದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಇನ್ನಷ್ಟು ನಷ್ಟ. ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೆ ಅಂಟಿಯೇ ಎಷ್ಟೋ ಹೋಗುತ್ತವೆ. ಬಫರಿಗೆ ಮಾನವ ಆಲ್ಬುಮಿನ್ ಪ್ರೋಟೀನು ಮತ್ತು ಟ್ರೆಹಲೋಸ್ ಸಕ್ಕರೆ ಸೇರಿಸಿದರೆ ಈ ನಷ್ಟ ಬಹಳ ತಗ್ಗುತ್ತದೆ ಎಂದು 2022ರಲ್ಲಿ ತೋರಿಸಲಾಗಿದೆ. ಕೊರಿಯರ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ಕ್ಲಿನಿಕ್ಕಿಗೆ ಬಂದ ವಯಲ್‌ನಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಇದರ ಮೇಲೆ ಅಂದಾಜು ಮಾಡಬಹುದು.

ಇನ್ನು ಅಳತೆ. ‘ಒಂದು ವಯಲ್‌ನಲ್ಲಿ ಇಷ್ಟು ಸಾವಿರ ಕೋಟಿ ಕಣ’ ಎಂದು ಲೇಬಲ್ ಹೇಳುತ್ತದೆ. ಆ ಸಂಖ್ಯೆ ಬರುವುದು ಹೆಚ್ಚಾಗಿ ನ್ಯಾನೋಪಾರ್ಟಿಕಲ್ ಟ್ರ್ಯಾಕಿಂಗ್ ಯಂತ್ರದಿಂದ. ಲೇಸರ್ ಬೆಳಕಿನಲ್ಲಿ ಕಣಗಳು ಹೊಳೆದು ಓಡಾಡುವುದನ್ನು ಕ್ಯಾಮೆರಾ ಹಿಡಿದು, ಓಟದ ವೇಗದಿಂದ ಗಾತ್ರ ಲೆಕ್ಕ ಹಾಕುವ ಯಂತ್ರ ಅದು. ಹೊಳೆದದ್ದು ವೆಸಿಕಲ್ಲೋ, ರಕ್ತದಲ್ಲಿ ಕೊಬ್ಬು ಹೊರುವ ಲಿಪೋಪ್ರೋಟೀನೋ, ಪ್ರೋಟೀನಿನ ಗಂಟೋ ಎಂದು ಅದಕ್ಕೆ ತಿಳಿಯದು. ತೀರಾ ಸಣ್ಣ ವೆಸಿಕಲ್‌ಗಳು ಅದಕ್ಕೆ ಕಾಣುವುದೂ ಇಲ್ಲ. ಅದಕ್ಕೇ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2014, 2018 ಮತ್ತು 2023ರ ಮಾರ್ಗಸೂಚಿಗಳಲ್ಲಿ ಇನ್ನೂ ಹಲವು ಪರೀಕ್ಷೆಗಳನ್ನು ಕೇಳಿದೆ: ಸಿಡಿ9, ಸಿಡಿ63, ಸಿಡಿ81ರಂಥ, ವೆಸಿಕಲ್ ಪೊರೆಯ ಗುರುತಿನ ಪ್ರೋಟೀನುಗಳು ಇರಬೇಕು, ಅಪೊಲಿಪೋಪ್ರೋಟೀನ್, ಆಲ್ಬುಮಿನ್‌ನಂಥ ಕಲಬೆರಕೆ ಎಷ್ಟಿದೆ ಎಂದು ತೋರಿಸಬೇಕು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಬೇಕು. ಒಂದು ಮೈಕ್ರೋಗ್ರಾಂ ಪ್ರೋಟೀನಿಗೆ ಮೂರು ಸಾವಿರ ಕೋಟಿ ಕಣಗಳಿಗಿಂತ ಹೆಚ್ಚಿದ್ದರೆ ಶುದ್ಧ ಎಂಬ ಲೆಕ್ಕವೊಂದು ಬಳಕೆಯಲ್ಲಿದೆ. ಪ್ರೋಟೀನು ಜಾಸ್ತಿ, ಕಣ ಕಡಿಮೆ ಇದ್ದರೆ ಅದು ವೆಸಿಕಲ್ ಮದ್ದಲ್ಲ, ಕಲಸಿದ ದ್ರವ.

ಇಷ್ಟೆಲ್ಲ ಸರಿಯಾದರೂ ಸಿಗುವುದು ಕಣ ಎಷ್ಟು, ಎಷ್ಟು ಶುದ್ಧ ಎಂಬ ಉತ್ತರ ಮಾತ್ರ. ಬಿತ್ತನೆ ಬೀಜದ ಮೂಟೆಯಲ್ಲಿ ಕಾಳು ಎಣಿಸಿದಂತೆ ಇದು: ಎಷ್ಟು ಮೊಳೆಯುತ್ತವೆ ಎಂದು ತಿಳಿಯಬೇಕಾದರೆ ಮೊಳಕೆ ಬರಿಸಿಯೇ ನೋಡಬೇಕು. 2014ರಲ್ಲಿ ಸಿಯಾಟಲ್‌ನ ವಿಜ್ಞಾನಿಗಳು ಒಂದು ವೆಸಿಕಲ್‌ಗೆ ಎಷ್ಟು ಮೈಕ್ರೋ ಆರ್‌ಎನ್‌ಎ ಎಂದು ಎಣಿಸಿದಾಗ, ಹೇರಳವಾಗಿರುವ ಬಗೆಯೂ ಸರಾಸರಿ ನೂರು ವೆಸಿಕಲ್‌ಗೆ ಒಂದು ಅಣುವಿನಷ್ಟೇ ಇತ್ತು. ‘ಮೈಕ್ರೋ ಆರ್‌ಎನ್‌ಎ-21 ಹೃದಯ ಕಾಪಾಡುತ್ತದೆ, ನಮ್ಮ ಎಕ್ಸೋಸೋಮ್‌ನಲ್ಲಿ ಅದಿದೆ’ ಎಂಬ ಸರಳ ವಾದ ಅಲ್ಲಿಗೆ ಕುಸಿಯುತ್ತದೆ. ಫಲ ಬರುತ್ತಿರುವುದು ಯಾವ ಸರಕಿನಿಂದ, ಪೊರೆಯ ಮೇಲಿನ ಪ್ರೋಟೀನಿನಿಂದಲೋ, ಒಳಗಿನ ಕಿಣ್ವದಿಂದಲೋ ಎಂಬುದು ಖಚಿತವಾಗುವ ತನಕ ಬ್ಯಾಚಿನ ಬಲ ಅಳೆಯಲು ಸರಿಯಾದ ಪರೀಕ್ಷೆ ಕಟ್ಟಲಾಗದು. ಈಗಿರುವ ಪರೀಕ್ಷೆಗಳು, ರಕ್ತನಾಳದ ಕೋಶಗಳು ಜಾಲ ಹೆಣೆಯುತ್ತವೆಯೇ, ಆಮ್ಲಜನಕವಿಲ್ಲದೆ ಇಟ್ಟ ಸ್ನಾಯುಕೋಶ ಬದುಕುತ್ತದೆಯೇ ಎಂಬಂಥವು, ಪ್ರಯೋಗಾಲಯದ ಡಿಶ್‌ನಲ್ಲಿ ಸರಿ. ಡಿಶ್‌ನಲ್ಲಿ ಪಾಸಾದ ಬ್ಯಾಚ್ ರೋಗಿಯಲ್ಲೂ ಅದೇ ಮಟ್ಟಿಗೆ ಕೆಲಸ ಮಾಡುತ್ತದೆ ಎಂಬ ಖಾತರಿ ಅವುಗಳಿಂದ ಸಿಗುವುದಿಲ್ಲ.

ತಲುಪಿಸುವುದು ಮೂರನೆಯ ತೊಡಕು. ಕೈಯ ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಯಕೃತ್ತು, ಗುಲ್ಮ, ಶ್ವಾಸಕೋಶಗಳ ಪಾಲಾಗುತ್ತದೆ, ಅದೂ ನಿಮಿಷಗಳಲ್ಲಿ. ಹೃದಯಕ್ಕೆ ಸಿಗುವುದು ಚೂರುಪಾರು. ಆಂಜಿಯೋಪ್ಲಾಸ್ಟಿ ಮಾಡುವಾಗಲೇ ಕೊರೊನರಿ ನಾಳಕ್ಕೆ ಬಿಟ್ಟರೆ ಸುಲಭ ಅನ್ನಿಸುತ್ತದೆ. 2017ರಲ್ಲಿ ಲಾಸ್ ಏಂಜಲೀಸ್‌ನ ಎಡ್ವರ್ಡೊ ಮಾರ್ಬನ್ ತಂಡ ಹಂದಿಗಳಲ್ಲಿ ಮಾಡಿ ನೋಡಿದಾಗ ಕೊರೊನರಿಗೆ ಬಿಟ್ಟದ್ದು ಫಲ ಕೊಡಲಿಲ್ಲ, ನೇರವಾಗಿ ಸ್ನಾಯುವಿಗೆ ಚುಚ್ಚಿದ್ದು ಕೊಟ್ಟಿತು. ಆದರೆ ಈಗಷ್ಟೇ ಅಟ್ಯಾಕ್ ಆಗಿ ಮೆತ್ತಗಾದ ಗೋಡೆಗೆ ಸೂಜಿ ಚುಚ್ಚುವುದು ಅಪಾಯದ ಕೆಲಸ; ತೂತಾದರೆ ಹೃದಯದ ಸುತ್ತ ರಕ್ತ ತುಂಬುತ್ತದೆ, ಲಯ ತಪ್ಪಬಹುದು. ಹೈಡ್ರೋಜೆಲ್ ಪ್ಯಾಚ್‌ನಲ್ಲಿ ವೆಸಿಕಲ್ ತುಂಬಿ ಹೃದಯದ ಮೇಲೆ ಅಂಟಿಸಿ, ನಿಧಾನವಾಗಿ ಇಳಿಯುವಂತೆ ಮಾಡಿದ ಪ್ರಯೋಗ ಇಲಿಗಳಲ್ಲಿ ಚೆನ್ನಾಗಿ ಬಂದಿದೆ. ಮನುಷ್ಯರಿಗಾದರೆ ಅದಕ್ಕೆ ಸಾಮಾನ್ಯವಾಗಿ ಎದೆ ತೆರೆಯಬೇಕು, ಬೈಪಾಸ್‌ನಂಥ ಶಸ್ತ್ರಚಿಕಿತ್ಸೆಯ ಜೊತೆಗೆ ಮಾಡಬೇಕಾದೀತು.

ಹೃದಯ ಅತಿಯಾಗಿ ‘ಗುಣವಾಗುವುದೂ’ ಅಪಾಯ. ಇಟಲಿಯ ಮೌರೊ ಜಾಕ್ಕಾ ತಂಡ 2019ರಲ್ಲಿ ಹಂದಿಗಳ ಹೃದಯಕ್ಕೆ ಮೈಕ್ರೋ ಆರ್‌ಎನ್‌ಎ-199ಎಯನ್ನು ವೈರಸ್ ಮೂಲಕ ಕೊಟ್ಟಿತು. ಒಂದು ತಿಂಗಳಿಗೆ ಕಲೆ ಕುಗ್ಗಿತು, ಹಿಂಡುವ ಬಲ ಏರಿತು. ಅಲ್ಲಿಂದ ಮುಂದೆ ಬಹುಪಾಲು ಹಂದಿಗಳು ಲಯ ತಪ್ಪಿ ಹಠಾತ್ತನೆ ಸತ್ತವು, ಏಕೆಂದರೆ ವೈರಸ್ ಆ ಅಣುವನ್ನು ಎಡೆಬಿಡದೆ ತಯಾರಿಸುತ್ತಲೇ ಇತ್ತು. ವೆಸಿಕಲ್‌ಗೆ ಇಲ್ಲೊಂದು ಅನುಕೂಲವಿದೆ: ಅದು ತನ್ನನ್ನು ತಾನು ಹೆಚ್ಚಿಸಿಕೊಳ್ಳುವುದಿಲ್ಲ, ಡೋಸ್ ನಿಲ್ಲಿಸಿದರೆ ನಿಲ್ಲುತ್ತದೆ. ಈ ಗುಣವೇ ಸಂಶೋಧನೆ ಮುಂದುವರಿಯಬೇಕು ಎನ್ನಲು ಬಲವಾದ ಕಾರಣ.

ಮನುಷ್ಯರಲ್ಲಿ ಗಂಭೀರವಾಗಿ ನಡೆದಿರುವ ಕೆಲಸಗಳಲ್ಲಿ ಮುಖ್ಯವಾದದ್ದು ಪ್ಯಾರಿಸ್‌ನ ಫಿಲಿಪ್ ಮೆನಾಶೆ ಅವರದು. ಐಪಿಎಸ್ ಕೋಶಗಳಿಂದ (ಬೆಳೆದ ಕೋಶವನ್ನು ಹಿಂದಕ್ಕೆ ತಿರುಗಿಸಿ ಮಾಡಿದ ಸ್ಟೆಮ್ ಸೆಲ್) ಹೃದಯ ಜಾತಿಯ ಪೂರ್ವಕೋಶಗಳನ್ನು ಬೆಳೆಸಿ, ಅವು ಬಿಡುವ ವೆಸಿಕಲ್ ಸಮೃದ್ಧ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮೂರು ವಾರಕ್ಕೊಮ್ಮೆಯಂತೆ ಮೂರು ಡೋಸ್, ಪ್ರತಿಯೊಂದೂ ದೇಹದ ಒಂದು ಕಿಲೋ ತೂಕಕ್ಕೆ ಎರಡು ಸಾವಿರ ಕೋಟಿ ಕಣ. 70 ಕಿಲೋ ತೂಗುವವರಿಗೆ ಒಂದು ಡೋಸ್ ಎಂದರೆ 1.4 ಲಕ್ಷ ಕೋಟಿ ಕಣ. ಮೊದಲ ರೋಗಿಯ ವರದಿ 2024ರಲ್ಲಿ ಪ್ರಕಟವಾಯಿತು. ತೊಂದರೆ ಕಾಣಲಿಲ್ಲ, ಹೃದಯದ ಕೆಲಸ ಸುಧಾರಿಸಿತು. ಒಬ್ಬರ ಫಲಿತಾಂಶದಿಂದ ಸುರಕ್ಷತೆಯ ಮೊದಲ ಸುಳಿವು ಸಿಗುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟಬಾರದು.

ಬೆಂಗಳೂರು ಈ ವಿಷಯದಲ್ಲಿ ಬರೀ ಪ್ರೇಕ್ಷಕನಲ್ಲ. ಜಿಕೆವಿಕೆ ಆವರಣದಲ್ಲಿ ಸ್ಟೆಮ್ ಸೆಲ್ ಸಂಶೋಧನೆಯ ಇನ್‌ಸ್ಟೆಮ್ ಸಂಸ್ಥೆಯಿದೆ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ, ಹಲವು ದಾನಿಗಳ ಮೂಳೆ ಮಜ್ಜೆಯ ಕೋಶ ಬೆರೆಸಿ ಮಾಡಿದ ಸ್ಟೆಂಪ್ಯೂಸೆಲ್, ಕಾಲಿನ ರಕ್ತನಾಳ ಮುಚ್ಚಿಹೋಗುವ ತೀವ್ರ ಕಾಯಿಲೆಗೆ ಔಷಧ ನಿಯಂತ್ರಕರ ಅನುಮತಿ ಪಡೆದಿದೆ. ಅದೇ ಕೋಶಗಳನ್ನು ಹಾರ್ಟ್ ಅಟ್ಯಾಕ್ ಆದ 20 ಜನರ ಪ್ರಯೋಗದಲ್ಲೂ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಸುರಕ್ಷತೆ ಸರಿಯಿತ್ತು, ಹೃದಯದ ಕೆಲಸದಲ್ಲಿ ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸವಿರಲಿಲ್ಲ. ಹೀಗೆ ಹೋಲಿಕೆಯ ಗುಂಪು ಇಟ್ಟುಕೊಂಡು, ಬಂದದ್ದನ್ನು ಬಂದ ಹಾಗೆ ಪ್ರಕಟಿಸುವ ಪ್ರಯೋಗಗಳು ಈ ಊರಿಗೆ ಇನ್ನೂ ಬೇಕು.

ಕಾನೂನು ಸ್ಪಷ್ಟವಾಗಿಯೇ ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, ಔಷಧವಾಗಿ ಬಳಸುವ ಕೋಶ ಅಥವಾ ಸ್ಟೆಮ್ ಸೆಲ್‌ನಿಂದ ಪಡೆದ ಉತ್ಪನ್ನವನ್ನು ‘ಹೊಸ ಔಷಧ’ದ ವ್ಯಾಖ್ಯೆಯೊಳಗೆ ತಂದಿವೆ. ಅನುಮೋದನೆ ಇಲ್ಲದ ಕಾಯಿಲೆಗೆ ಟ್ರಯಲ್‌ನ ಹೊರಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಅಮೆರಿಕದಲ್ಲೂ ಎಕ್ಸೋಸೋಮ್ ಹೆಸರಿನ ಅನುಮತಿಯಿಲ್ಲದ ಉತ್ಪನ್ನಗಳಿಂದ ನೆಬ್ರಾಸ್ಕಾದ ರೋಗಿಗಳಿಗೆ ತೊಂದರೆಯಾದ ಮೇಲೆ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು.

ಹಾಗಾಗಿ ಯಾರಾದರೂ ‘ಅಪ್ಪನಿಗೆ ಹಾರ್ಟ್‌ಗೆ ಎಕ್ಸೋಸೋಮ್ ಕೊಡ್ತೀವಿ’ ಎಂದರೆ ಮೊದಲು, ದೇಶದ ಕ್ಲಿನಿಕಲ್ ಟ್ರಯಲ್‌ಗಳ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಅದನ್ನು ಸರ್ಕಾರಿ ಜಾಲತಾಣದಲ್ಲಿ ಮನೆಯಲ್ಲೇ ಹುಡುಕಿ ನೋಡಬಹುದು. ಆ ಪುಟದಲ್ಲಿ ಆಸ್ಪತ್ರೆಯ ಹೆಸರು, ಯಾವ ಕಾಯಿಲೆಗೆ, ಎಷ್ಟು ಜನರಿಗೆ ಎಂಬುದೆಲ್ಲ ಇರುತ್ತದೆ. ನಿಜವಾದ ಟ್ರಯಲ್‌ನಲ್ಲಿ ಪರೀಕ್ಷೆಯಲ್ಲಿರುವ ಮದ್ದಿಗೆ ರೋಗಿಯಿಂದ ಲಕ್ಷಗಟ್ಟಲೆ ಬಿಲ್ ಕಟ್ಟಿಸಿಕೊಳ್ಳುವುದಿಲ್ಲ, ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಎರಡನ್ನೂ ಕೊಡಬೇಕು. ಬ್ಯಾಚಿನ ವರದಿ ಕೇಳಿ: ಕೋಶದ ಮೂಲ, ಸ್ಟೆರಿಲಿಟಿ (ರೋಗಾಣು ಇಲ್ಲವೆಂಬುದು), ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ), ಬಲದ ಪರೀಕ್ಷೆ. ಕೂದಲಿಗೆ ತಂದ ವಯಲನ್ನೇ ರಕ್ತನಾಳಕ್ಕೂ ಕೊಡುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಜಾಹೀರಾತಿನಲ್ಲಿ ತೋರಿಸುವ ಎಕೋ ವರದಿಗಳ ಬಗ್ಗೆಯೂ ಒಂದು ಮಾತು. ‘ಚಿಕಿತ್ಸೆಗೆ ಮುಂಚೆ 30, ಮೂರು ತಿಂಗಳ ನಂತರ 42’ ಎಂಬುದು ಎಕ್ಸೋಸೋಮ್ ಇಲ್ಲದೆಯೂ ಆಗುತ್ತದೆ. ಅಟ್ಯಾಕ್ ಆದ ವಾರದಲ್ಲಿ ಸ್ನಾಯುವಿನ ಒಂದು ಪಾಲು ಸತ್ತಿರುವುದಿಲ್ಲ, ಮರಗಟ್ಟಿರುತ್ತದೆ. ನಾಳ ತೆರೆದ ಮೇಲೆ ವಾರಗಳಲ್ಲಿ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಇಬ್ಬರು ಬೇರೆ ಬೇರೆಯವರು ನೋಡಿದ ಎಕೋಗಳ ನಡುವೆಯೇ 5ರಿಂದ 10 ಅಂಶಗಳ ವ್ಯತ್ಯಾಸ ಬರಬಹುದು. ಕಲೆಯ ಗಾತ್ರ ನಿಜವಾಗಿ ಕುಗ್ಗಿತೇ ಎಂದು ತಿಳಿಯಲು, ಕಲೆಯನ್ನು ಎದ್ದು ಕಾಣಿಸುವ ಗ್ಯಾಡೋಲಿನಿಯಂ ಕೊಟ್ಟು ಕಾರ್ಡಿಯಾಕ್ ಎಂಆರ್‌ಐ ಮಾಡಬೇಕು.

ಪಂಪಿಂಗ್ ಇಳಿದವರಿಗೆ ಈಗಲೇ ಕೈಗೆ ಸಿಗುವ, ದೊಡ್ಡ ಪ್ರಯೋಗಗಳಲ್ಲಿ ಆಯುಷ್ಯ ಹೆಚ್ಚಿಸಿ ತೋರಿಸಿದ ನಾಲ್ಕು ಗುಂಪಿನ ಮಾತ್ರೆಗಳಿವೆ: ಸಕ್ಯುಬಿಟ್ರಿಲ್-ವಲ್ಸಾರ್ಟನ್ ಅಥವಾ ಅದರ ಜಾತಿಯದು, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಬಗೆಯದು, ಡಪಾಗ್ಲಿಫ್ಲೋಜಿನ್ ಬಗೆಯದು. ಎಷ್ಟೋ ಮನೆಗಳಲ್ಲಿ ಬಿಪಿ ಸ್ವಲ್ಪ ಇಳಿದಿದೆ ಎಂದು ಇವುಗಳಲ್ಲಿ ಒಂದೆರಡನ್ನು ವೈದ್ಯರನ್ನು ಕೇಳದೆ ನಿಲ್ಲಿಸಿಬಿಡುತ್ತಾರೆ. ಇನ್ನು ಗಾಯವೇ ಸಣ್ಣದಾಗಿ ಉಳಿಯಬೇಕೆಂದರೆ ನಾಳ ಬೇಗ ತೆರೆಯಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಜಯದೇವದಂಥ ಹಬ್ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಿನವರೆಗೆ ಕಾದರೆ ಆ ಹೊತ್ತಿನಲ್ಲಿ ಸಾಯುವ ಸ್ನಾಯುವನ್ನು ಇಂದಿನ ಯಾವ ವೆಸಿಕಲ್ಲೂ ಮರಳಿಸದು.

ಡಿಸ್ಚಾರ್ಜ್ ಆದ ದಿನದ ಎಕೋ ಅಂಕಿಯನ್ನು ಕೊನೆಯ ಮಾತೆಂದು ಹಿಡಿಯಬೇಡಿ. ಅಟ್ಯಾಕ್ ಆಗಿ ಕನಿಷ್ಠ 40 ದಿನ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ 90 ದಿನ, ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡ ಮೇಲೆ, ಸಾಧ್ಯವಾದರೆ ಅದೇ ಆಸ್ಪತ್ರೆಯಲ್ಲಿ ಮತ್ತೊಮ್ಮೆ ಎಕೋ ಮಾಡಿಸಿ. ಆಗಲೂ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಹಠಾತ್ ಲಯ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಸಾಧನ ಬೇಕೇ ಎಂದು ಹೃದ್ರೋಗ ತಜ್ಞರ ಜೊತೆ ಕೂತು ಮಾತಾಡಿ.